ಬಚ್ಚಲಮನೆಯಲ್ಲಿ ಜಾರಿ ಬಿದ್ದವರ ಕತ್ತಿನ ಎರಡನೆಯ ಮೂಳೆ ಮುರಿದದ್ದು ಹೇಗೆ?

ಪ್ರಶ್ನೆ: ಚಿಂಚವಡದ ಎಂಜಿನಿಯರ್, ಪುಣೆ

ಎಲ್ಲರಿಗೂ ನಮಸ್ಕಾರ. ಧಾರವಾಡ ಜಿಲ್ಲೆಯವನಾದ ನಾನು ಪುಣೆಯ ಚಿಂಚವಡದಲ್ಲಿ ನೆಲೆಸಿ ಇಪ್ಪತ್ತೆರಡು ವರ್ಷಗಳಾದವು. ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ, ಮುರಿದು ಮರಳಿ ಬಂದ ಲೋಹದ ಭಾಗಗಳನ್ನು ಪರೀಕ್ಷಿಸಿ ಅವು ಎಲ್ಲಿಂದ ಸೀಳಲಾರಂಭಿಸಿದವು, ಯಾವ ದಿಕ್ಕಿನ ಬಲಕ್ಕೆ ಸೋತವು ಎಂದು ವರದಿ ಬರೆಯುವುದು ನನ್ನ ಕೆಲಸ. ಹೀಗಿದ್ದೂ ಕಳೆದ ತಿಂಗಳು ನಮ್ಮ ಮನೆಯಲ್ಲಿಯೇ ಆದ ಒಂದು ಮುರಿತದ ಲೆಕ್ಕ ನನಗೆ ಕೂಡಿಬರುತ್ತಿಲ್ಲ. ಆದ್ದರಿಂದ ತಿಳಿದವರಲ್ಲಿ ಕೇಳುತ್ತಿದ್ದೇನೆ.

ನನ್ನ ತಂದೆಯವರಿಗೆ 76 ವರ್ಷ. ಒಂದು ಬೆಳಗ್ಗೆ ಬಚ್ಚಲಮನೆಯ ಹೊಸ್ತಿಲಲ್ಲಿ ಕಾಲು ಜಾರಿ ಮುಂದಕ್ಕೆ ಬಿದ್ದರು. ಬೀಳುವಾಗ ಹಣೆ ಬೇಸಿನ್ನಿನ ಅಂಚಿಗೆ ಬಡಿಯಿತು. ಹಣೆಯ ಮೇಲೊಂದು ಬುಗುಟು ಎದ್ದಿತು, ಕತ್ತಿನ ಹಿಂಭಾಗ ನೋಯತೊಡಗಿತು, ಅಷ್ಟೇ. ಕೈಕಾಲುಗಳಲ್ಲಿ ಜೋಮು ಇರಲಿಲ್ಲ, ಬಲ ಕುಂದಿರಲಿಲ್ಲ. ಕತ್ತು ಉಳುಕಿದೆಯೆಂದು ಅವರೇ ತೀರ್ಮಾನಿಸಿದರು. ಹತ್ತಿರದ ಒಂದು ಚಿಕಿತ್ಸಾಲಯದಲ್ಲಿ ಪಕ್ಕದಿಂದ ಒಂದೇ ಒಂದು ಎಕ್ಸ್‌ರೇ ತೆಗೆದು, ವಯಸ್ಸಿನ ಸವೆತ ಬಿಟ್ಟರೆ ಬೇರೇನೂ ಕಾಣುವುದಿಲ್ಲವೆಂದು ಹೇಳಿ ನೋವಿನ ಮಾತ್ರೆ ಕೊಟ್ಟು ಕಳುಹಿಸಿದರು. ಎರಡು ದಿನ ಅವರು ಎಂದಿನಂತೆ ಪತ್ರಿಕೆ ಓದಿದರು, ಗುಡಿಗೆ ನಡೆದು ಹೋಗಿ ಬಂದರು. ಮೂರನೆಯ ದಿನ ಹಾಸಿಗೆಯಿಂದ ಏಳುವಾಗ ಎರಡೂ ಕೈಗಳಿಂದ ತಮ್ಮ ತಲೆಯನ್ನು ತಾವೇ ಹಿಡಿದೆತ್ತಿಕೊಂಡು ಎದ್ದದ್ದನ್ನು ಕಂಡು ನನ್ನ ಹೆಂಡತಿಗೆ ಅನುಮಾನ ಬಂತು. ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ದು ಸಿಟಿ ಸ್ಕ್ಯಾನ್ ಮಾಡಿಸಿದಾಗ, ಕತ್ತಿನ ಎರಡನೆಯ ಮೂಳೆಯ ಹಲ್ಲಿನಾಕಾರದ ಭಾಗ ಬುಡದಲ್ಲಿ ಮುರಿದು 2 ಮಿಲಿಮೀಟರಿನಷ್ಟು ಹಿಂದಕ್ಕೆ ಸರಿದಿದೆ ಎಂದು ತಿಳಿಯಿತು. ವರದಿಯಲ್ಲಿ ಓಡಾಂಟಾಯ್ಡ್ ಮುರಿತ, ಟೈಪ್ 2 ಎಂದು ಬರೆದಿದ್ದಾರೆ. ಈಗ ಗಟ್ಟಿ ಕಾಲರ್ ತೊಡಿಸಿದ್ದಾರೆ. ಆರು ವಾರಗಳ ಬಳಿಕ ಮತ್ತೊಮ್ಮೆ ಸ್ಕ್ಯಾನ್ ನೋಡಿ ಮುಂದಿನದನ್ನು ನಿರ್ಧರಿಸುವುದಾಗಿ ಹೇಳಿದ್ದಾರೆ.

ನನಗಿರುವ ಸಂದೇಹಗಳು ಇಷ್ಟು. ತಲೆಯ ತೂಕ 5 ಕಿಲೋಗ್ರಾಂ ಎಂದು ಹಿಡಿದು, ಅದು ಒಂದೂವರೆ ಮೀಟರ್ ಎತ್ತರದಿಂದ ಬಿದ್ದಿತೆಂದರೆ ದೊರಕುವ ಶಕ್ತಿ ಸುಮಾರು 74 ಜೂಲ್. ಅದರಲ್ಲಿಯೂ ಒಂದು ಪಾಲು ಹಣೆಯಲ್ಲಿಯೇ ಕರಗಿಹೋಗಿರಬೇಕು. ಇಷ್ಟಕ್ಕೆ ಕತ್ತಿನ ಮೂಳೆ ಮುರಿಯುವುದಾದರೆ, ಹಣೆಗಿಂತ ಅಷ್ಟು ದೂರದಲ್ಲಿ, ಅದೇ ಒಂದು ಜಾಗದಲ್ಲಿಯೇ ಏಕೆ ಮುರಿಯಿತು? ಎರಡನೆಯದಾಗಿ, ಕತ್ತು ಮುರಿದ ಮನುಷ್ಯ ಎರಡು ದಿನ ನಡೆದಾಡಿದ್ದು ಹೇಗೆ? ಈ ಎರಡನೆಯ ಪ್ರಶ್ನೆ ನನ್ನನ್ನು ರಾತ್ರಿ ನಿದ್ದೆಗೆಡಿಸುತ್ತದೆ, ಏಕೆಂದರೆ ಆ ಎರಡು ದಿನಗಳಲ್ಲಿ ನಾನೇ ಅವರ ಕತ್ತಿಗೆ ಎಣ್ಣೆ ಹಚ್ಚಿ ತಿಕ್ಕಿದ್ದೇನೆ.


ಉತ್ತರ: ಮುಲುಂಡದ ಬೆನ್ನೆಲುಬು ಶಸ್ತ್ರಚಿಕಿತ್ಸಕ, ಮುಂಬಯಿ

ಮಾನ್ಯರೇ, ತಮ್ಮ ತಂದೆಯವರ ಸ್ಕ್ಯಾನನ್ನು ನಾನು ನೋಡಿಲ್ಲ. ಆದ್ದರಿಂದ ಚಿಕಿತ್ಸೆಯ ಬಗ್ಗೆ ಅವರನ್ನು ನೋಡುತ್ತಿರುವ ವೈದ್ಯರ ಮಾತೇ ನಡೆಯಬೇಕು. ಆದರೆ ಮುರಿತದ ಕಾರಣವನ್ನು ವಿವರಿಸಬಲ್ಲೆ. ತಮ್ಮ ವೃತ್ತಿಯಿಂದಾಗಿ ಈ ವಿವರಣೆ ತಮಗೆ ಬೇರೆಯವರಿಗಿಂತ ಬೇಗ ಹಿಡಿಸೀತು.

ಕತ್ತಿನಲ್ಲಿ ಏಳು ಕಶೇರುಕಗಳಿವೆ. ಕೆಳಗಿನ ಐದು ಒಂದನ್ನೊಂದು ಹೋಲುತ್ತವೆ; ಮೇಲಿನ ಎರಡು ಮಾತ್ರ ಬೇರೆಯದೇ ಜಾತಿಯವು. ಮೊದಲನೆಯದಾದ ಅಟ್ಲಾಸ್ ಒಂದು ಉಂಗುರ. ಉಳಿದ ಕಶೇರುಕಗಳಿಗಿರುವ ದಪ್ಪನೆಯ ಒಡಲು ಇದಕ್ಕೆ ಇಲ್ಲ. ಆ ಒಡಲು ಹೋದದ್ದೆಲ್ಲಿಗೆ ಎಂದರೆ, ಭ್ರೂಣದ ಬೆಳವಣಿಗೆಯಲ್ಲಿ ಅದು ಕೆಳಗಿನ ಆಕ್ಸಿಸ್ ಎಂಬ ಎರಡನೆಯ ಕಶೇರುಕಕ್ಕೆ ಅಂಟಿಕೊಂಡು, ಮೇಲಕ್ಕೆ ಚಾಚಿದ ಗೂಟವಾಗಿ ಉಳಿದಿದೆ. ತಮ್ಮ ವರದಿಯ ಓಡಾಂಟಾಯ್ಡ್ ಎಂದರೆ ಇದೇ. ನಾವು ಡೆನ್ಸ್ ಎಂದೂ ಕರೆಯುತ್ತೇವೆ. ಅಟ್ಲಾಸಿನ ಉಂಗುರ ಈ ಗೂಟದ ಸುತ್ತ ತಿರುಗುತ್ತದೆ. ಕತ್ತನ್ನು ಎಡಕ್ಕೋ ಬಲಕ್ಕೋ ತಿರುಗಿಸುವಾಗ ಆಗುವ ಒಟ್ಟು ತಿರುವಿನಲ್ಲಿ ಸುಮಾರು ಅರ್ಧ, ಅಂದರೆ ಒಂದೊಂದು ಬದಿಗೆ 40 ಡಿಗ್ರಿಯಷ್ಟು, ಈ ಒಂದೇ ಕೀಲಿನಿಂದ ಬರುತ್ತದೆ. ಹೌದೆಂದು ತಲೆಯಾಡಿಸುವ ಚಲನೆಯ ಬಹುಪಾಲು ತಲೆಬುರುಡೆಗೂ ಅಟ್ಲಾಸಿಗೂ ನಡುವಿನ ಕೀಲಿನದು. ಅಲ್ಲವೆಂದು ಆಡಿಸುವ ಚಲನೆ ಅಟ್ಲಾಸ್ ಮತ್ತು ಆಕ್ಸಿಸ್ ನಡುವಿನದು.

ಇಷ್ಟು ಚಲನೆಗೆ ದೇಹ ಕೊಟ್ಟ ಬೆಲೆಯೂ ದೊಡ್ಡದು. ಈ ಎರಡು ಕೀಲುಗಳಲ್ಲಿ ಡಿಸ್ಕ್ ಇಲ್ಲ. ಮೂಳೆಗೆ ಮೂಳೆ ಹಲ್ಲು ಕಚ್ಚಿಕೊಂಡು ನಿಲ್ಲುವ ಏರ್ಪಾಡೂ ಇಲ್ಲ. ಗೂಟವು ಉಂಗುರದ ಮುಂದಿನ ಕಮಾನಿಗೆ ಒರಗಿಕೊಂಡಿರುವಂತೆ ಹಿಂದಿನಿಂದ ಅಡ್ಡಲಾಗಿ ಕಟ್ಟಿರುವ ಒಂದು ಅಸ್ಥಿರಜ್ಜು, ಅಂದರೆ ಟ್ರಾನ್ಸ್‌ವರ್ಸ್ ಲಿಗಮೆಂಟು, ಮತ್ತು ಗೂಟದ ತುದಿಯಿಂದ ತಲೆಬುರುಡೆಗೆ ಎರಡು ಬದಿಯಲ್ಲಿ ಎಳೆದು ಕಟ್ಟಿರುವ ಏಲಾರ್ ಲಿಗಮೆಂಟುಗಳು, ಇವುಗಳ ಬಿಗಿಯಲ್ಲಿಯೇ ಎಲ್ಲವೂ ನಿಂತಿದೆ.

ಈಗ ತಮ್ಮ ತಂದೆಯವರ ಬೀಳುವಿಕೆಯನ್ನು ನಿಧಾನವಾಗಿ ನೋಡೋಣ. ಹಣೆ ಬೇಸಿನ್ನಿಗೆ ತಗುಲಿದ ಕ್ಷಣದಲ್ಲಿ ತಲೆ ನಿಂತಿತು. ಆದರೆ ಎದೆ, ಹೊಟ್ಟೆ, ಭುಜಗಳನ್ನೊಳಗೊಂಡ ಮುಂಡ ಇನ್ನೂ ಮುಂದಕ್ಕೆ ಸಾಗುತ್ತಲೇ ಇತ್ತು. ತಮ್ಮ ಲೆಕ್ಕ ತಪ್ಪಿದ್ದು ಇಲ್ಲಿಯೇ. ಕತ್ತನ್ನು ಮುರಿಯುವುದು ತಲೆಯ 5 ಕಿಲೋಗ್ರಾಂ ಅಲ್ಲ, ನಿಂತುಹೋದ ತಲೆಯ ಹಿಂದೆ ನುಗ್ಗಿ ಬರುವ ಮುಂಡದ ಭಾರ. ಪ್ರಯೋಗಾಲಯಗಳಲ್ಲಿ ದಾನವಾಗಿ ಬಂದ ಶರೀರಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ, ತಲೆ ಹೀಗೆ ಸಿಕ್ಕಿಕೊಂಡಾಗ ಸೆಕೆಂಡಿಗೆ ಸುಮಾರು 3 ಮೀಟರ್ ವೇಗ ಸಾಕು, ಕತ್ತಿನ ಮೂಳೆಗಳು ಸೋಲುತ್ತವೆ ಎಂದು ಕಂಡುಬಂದಿದೆ. ಅದು ಅರ್ಧ ಮೀಟರಿಗಿಂತ ತುಸು ಕಡಿಮೆ ಎತ್ತರದಿಂದ ಬಿದ್ದಾಗ ಬರುವ ವೇಗ. ನಿಂತ ಎತ್ತರದಿಂದ ಬಿದ್ದವರಿಗೆ ಅದಕ್ಕಿಂತ ಹೆಚ್ಚೇ ಇರುತ್ತದೆ.

ಹಣೆ ಮೊದಲು ತಗುಲಿದ್ದರಿಂದ ತಲೆ ಹಿಂದಕ್ಕೆ ಬಾಗಿತು. ತಲೆಯೊಂದಿಗೆ ಅಟ್ಲಾಸಿನ ಉಂಗುರವೂ ಹಿಂದಕ್ಕೆ ಸರಿಯಲು ಹೊರಟು, ಅದರ ಮುಂದಿನ ಕಮಾನು ಗೂಟವನ್ನು ಹಿಂದಕ್ಕೆ ಒತ್ತಿತು. ಅದೇ ಹೊತ್ತಿನಲ್ಲಿ ಆಕ್ಸಿಸಿನ ಒಡಲು ಮುಂಡದ ಜೊತೆಗೆ ಮುಂದಕ್ಕೆ ಹೋಗುತ್ತಿತ್ತು. ಬುಡದಲ್ಲಿ ಬಿಗಿದ, ಮೇಲ್ಭಾಗದಲ್ಲಿ ಅಡ್ಡಬಲ ಬಿದ್ದ ಒಂದು ಗಿಡ್ಡ ಗೂಟ ಎಲ್ಲಿ ಮುರಿಯಬೇಕು? ಬಾಗುವ ಒತ್ತಡವೂ ಕತ್ತರಿಸುವ ಒತ್ತಡವೂ ಬುಡದಲ್ಲಿಯೇ ಗರಿಷ್ಠವಾಗಿರುತ್ತವೆ ಎಂಬುದನ್ನು ನಾನು ತಮಗೆ ಹೇಳಬೇಕಾಗಿಲ್ಲ. ತಮ್ಮ ತಂದೆಯವರ ಗೂಟ ಹಿಂದಕ್ಕೆ ಸರಿದಿರುವುದೂ ಇದಕ್ಕೆ ಹೊಂದುತ್ತದೆ. ಅವರು ತಲೆಯ ಹಿಂಭಾಗ ಬಡಿದು ಗದ್ದ ಎದೆಗೆ ತಾಗುವಂತೆ ಬಿದ್ದಿದ್ದರೆ, ಹಿಂದಿನ ಲಿಗಮೆಂಟು ಗೂಟವನ್ನು ಮುಂದಕ್ಕೆ ಎಳೆದು ಮುರಿತ ಮುಂದಕ್ಕೆ ಸರಿಯುತ್ತಿತ್ತು.

ವಯಸ್ಸು ಇದಕ್ಕೆ ಎರಡು ಸಂಗತಿಗಳನ್ನು ಸೇರಿಸುತ್ತದೆ. ಮೂಳೆಯ ಒಳಗಿನ ಜಾಲರಿಯಂತಹ ರಚನೆ ಗೂಟದ ಬುಡದಲ್ಲಿ ಮೊದಲೇ ವಿರಳ. ಮೂಳೆ ಟೊಳ್ಳಾಗುತ್ತ ಹೋದಂತೆ ಅಲ್ಲಿ ಇನ್ನೂ ವಿರಳವಾಗುತ್ತದೆ. ಎರಡನೆಯ ಸಂಗತಿಯನ್ನು ವೈದ್ಯರೂ ಕೆಲವೊಮ್ಮೆ ಮರೆಯುತ್ತಾರೆ. ಎಪ್ಪತ್ತು ದಾಟಿದವರಲ್ಲಿ ಕತ್ತಿನ ಕೆಳಭಾಗದ ಡಿಸ್ಕುಗಳು ಒಣಗಿ, ಕೀಲುಗಳು ಬಿಗಿದು, ಆ ಭಾಗ ಒಂದೇ ಕೋಲಿನಂತೆ ಆಗಿರುತ್ತದೆ. ಆಗ ಬಾಗಲು ಸಡಿಲು ಉಳಿದಿರುವುದು ಮೇಲಿನ ಎರಡು ಕೀಲುಗಳಲ್ಲಿ ಮಾತ್ರ, ಬಂದ ಬಲವೆಲ್ಲ ಅಲ್ಲಿಗೆ ಸೇರುತ್ತದೆ. ಯುವಕರ ಕತ್ತು ಸಾಮಾನ್ಯವಾಗಿ ಕೆಳಗೆ, ಐದನೆಯ ಮತ್ತು ಆರನೆಯ ಕಶೇರುಕಗಳ ಬಳಿ ಸೋಲುತ್ತದೆ. ವೃದ್ಧರ ಕತ್ತು ಮೇಲೆ ಸೋಲುತ್ತದೆ.

ಇನ್ನು ನಡೆದಾಡಿದ ವಿಷಯ. ಅಟ್ಲಾಸಿನ ಉಂಗುರದ ಒಳಗೆ ಮುಂದಿನಿಂದ ಹಿಂದಕ್ಕೆ ಸುಮಾರು 3 ಸೆಂಟಿಮೀಟರ್ ಜಾಗವಿದೆ. ಅದರಲ್ಲಿ ಮೂರನೆಯ ಒಂದು ಪಾಲನ್ನು ಗೂಟ ಆಕ್ರಮಿಸುತ್ತದೆ, ಇನ್ನೊಂದು ಪಾಲನ್ನು ಬೆನ್ನುಹುರಿ. ಉಳಿದ ಪಾಲು ಖಾಲಿ. ಇದನ್ನು ಸ್ಟೀಲ್ ಎಂಬ ಅಮೆರಿಕನ್ ವೈದ್ಯರು 1968ರಲ್ಲಿ ಮೂರನೆಯ ಒಂದರ ನಿಯಮವೆಂದು ಬರೆದರು. ಕತ್ತಿನ ಬೇರೆ ಯಾವ ಮಟ್ಟದಲ್ಲಿಯೂ ಬೆನ್ನುಹುರಿಗೆ ಇಷ್ಟು ಬಿಡುವಿಲ್ಲ. ಆದ್ದರಿಂದ 2 ಮಿಲಿಮೀಟರ್ ಸರಿದ ಮೂಳೆ ಬೆನ್ನುಹುರಿಯನ್ನು ಮುಟ್ಟಿಯೇ ಇರಲಿಲ್ಲ. ಆದರೆ ಆ ಬಿಡುವು ಮುಗಿದ ಮೇಲೆ ಎರಡನೆಯ ಅವಕಾಶವಿಲ್ಲ. ಉಸಿರಾಟದ ವಪೆಯನ್ನು ನಡೆಸುವ ನರ ಹೊರಡುವುದು ಮೂರರಿಂದ ಐದನೆಯ ಮಟ್ಟದಲ್ಲಿ. ಅದಕ್ಕೆ ಮಿದುಳಿನಿಂದ ಬರುವ ಆಜ್ಞೆ ಈ ಉಂಗುರದ ಮೂಲಕವೇ ಹಾದುಹೋಗಬೇಕು. ಕೈಕಾಲು ಆಡುತ್ತಿವೆಯಾದ್ದರಿಂದ ಕತ್ತು ಮುರಿದಿಲ್ಲ ಎಂಬ ಮಾತನ್ನು ನಾನು ತುರ್ತು ಚಿಕಿತ್ಸಾ ಘಟಕದಲ್ಲಿ ಎಷ್ಟೋ ಬಾರಿ ಕೇಳಿದ್ದೇನೆ, ಪ್ರತಿ ಬಾರಿಯೂ ಎದೆ ಝಲ್ಲೆನ್ನುತ್ತದೆ.

ಪಕ್ಕದ ಎಕ್ಸ್‌ರೇಯಲ್ಲಿ ಈ ಮುರಿತ ತಪ್ಪಿಹೋಗುವುದು ಹೊಸದೇನಲ್ಲ. ಹೆಚ್ಚು ಸರಿಯದ ಸಣ್ಣ ಬಿರುಕು ಸವೆದ ಮೂಳೆಯ ಗೊಂದಲದಲ್ಲಿ ಕಾಣದೆ ಹೋಗುತ್ತದೆ. ಮುಂದಿನಿಂದ ತೆಗೆದರೆ ದವಡೆ ಮತ್ತು ಹಲ್ಲುಗಳ ನೆರಳು ಅಡ್ಡ ಬರುತ್ತದೆ. ಅದಕ್ಕಾಗಿಯೇ ಬಾಯಿ ತೆರೆಸಿ ಒಂದು ಚಿತ್ರ ತೆಗೆಯುವ ಪದ್ಧತಿ ಇದೆ, ಈಗ ಸಿಟಿ ಸ್ಕ್ಯಾನೇ ಮೇಲು. ಕೆನಡಾದ ವೈದ್ಯರು 2001ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಪೆಟ್ಟು ಬಿದ್ದು ಕತ್ತು ನೋಯುವವರಿಗೆ 65 ವರ್ಷ ತುಂಬಿದ್ದರೆ ಅದೊಂದೇ ಕಾರಣಕ್ಕೆ ಚಿತ್ರ ತೆಗೆಸಲೇಬೇಕು. ತಾವು ಎಣ್ಣೆ ತಿಕ್ಕಿದ್ದಕ್ಕಾಗಿ ನೊಂದುಕೊಳ್ಳಬೇಡಿ. ಆಗ ತಮಗೆ ಗೊತ್ತಿರಲಿಲ್ಲ. ತಲೆಯನ್ನು ಎರಡೂ ಕೈಗಳಿಂದ ಹಿಡಿದು ಏಳುವುದು ಈ ಮುರಿತದ ಹಳೆಯ, ನಂಬಬಹುದಾದ ಗುರುತು. ಅದನ್ನು ಗಮನಿಸಿದ ತಮ್ಮ ಪತ್ನಿಯವರ ಕಣ್ಣು ಬಹಳ ಚುರುಕಾದದ್ದು.


ಉತ್ತರ: ವಾಸ್ಕೋದ ಫಿಸಿಯೋಥೆರಪಿಸ್ಟ್, ಗೋವಾ

ಡಾಕ್ಟರು ಹೇಳಿದ್ದಕ್ಕೆ ನಾನು ಇನ್ನೊಂದು ದಿಕ್ಕಿನ ಬಲವನ್ನು ಸೇರಿಸುತ್ತೇನೆ, ಏಕೆಂದರೆ ಗೋವಾದಲ್ಲಿ ನಾವು ಕಾಣುವುದು ಹೆಚ್ಚಾಗಿ ಅದನ್ನೇ. ಹುಬ್ಬಳ್ಳಿಯಿಂದ ಗೆಳೆಯರೊಡನೆ ಬಂದಿದ್ದ ಒಬ್ಬ ಹುಡುಗ ಸೊಂಟಮಟ್ಟದ ನೀರಿಗೆ ತಲೆ ಮುಂದಾಗಿ ಧುಮುಕಿ, ನೆತ್ತಿ ಮರಳಿಗೆ ಬಡಿದು, ತಾನೇ ಎದ್ದು ದಡಕ್ಕೆ ನಡೆದು ಬಂದಿದ್ದ. ಅವನಿಗೆ ಆದದ್ದು ಅಟ್ಲಾಸಿನ ಉಂಗುರವೇ ಬಿರಿದ ಗಾಯ. ಇದಕ್ಕೆ ಜೆಫರ್ಸನ್ ಮುರಿತವೆಂದು ಹೆಸರು. ಜೆಫ್ರಿ ಜೆಫರ್ಸನ್ ಎಂಬ ಇಂಗ್ಲಿಷ್ ಶಸ್ತ್ರಚಿಕಿತ್ಸಕರು 1920ರಲ್ಲಿ ಇದನ್ನು ವಿವರಿಸಿದರು.

ಅಟ್ಲಾಸಿನ ಎರಡು ಬದಿಯ ದಪ್ಪ ಭಾಗಗಳು ಬೆಣೆಯ ಆಕಾರದಲ್ಲಿವೆ. ಬೆಣೆಯ ದಪ್ಪ ಬದಿ ಹೊರಗೆ, ತೆಳ್ಳನೆಯ ಬದಿ ಒಳಗೆ. ಮೇಲಿನಿಂದ ತಲೆಬುರುಡೆ, ಕೆಳಗಿನಿಂದ ಆಕ್ಸಿಸ್ ಇವುಗಳನ್ನು ನೇರವಾಗಿ ಅದುಮಿದಾಗ, ಬೆರಳ ನಡುವೆ ಒತ್ತಿದ ಹುಣಸೆಬೀಜದಂತೆ ಅವು ಹೊರಕ್ಕೆ ಜಾರಲು ನೋಡುತ್ತವೆ. ಅವನ್ನು ಹಿಡಿದಿಟ್ಟಿರುವ ಮುಂದಿನ ಮತ್ತು ಹಿಂದಿನ ಕಮಾನುಗಳು ಎಳೆತಕ್ಕೆ ಸಿಕ್ಕಿ, ತೆಳ್ಳಗಿರುವ ಕಡೆಗಳಲ್ಲಿ ಸೀಳುತ್ತವೆ. ಗಾಜಿನ ಬಳೆ ಒಂದೇ ಕಡೆ ಬಿರುಕು ಬಿಡುವುದು ಅಪರೂಪ, ಎರಡಾದರೂ ತುಂಡಾಗುತ್ತದಲ್ಲವೇ, ಇದೂ ಹಾಗೆಯೇ. ಉಂಗುರ ಹೊರಕ್ಕೆ ಬಿರಿಯುವುದರಿಂದ ಒಳಗಿನ ಜಾಗ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ, ಆ ಹುಡುಗ ನಡೆದು ಬಂದದ್ದು ಆ ಕಾರಣದಿಂದ. ಅಡ್ಡಲಾಗಿ ಕಟ್ಟಿರುವ ಲಿಗಮೆಂಟು ಉಳಿದಿದೆಯೇ ಎಂಬುದೇ ಮುಂದಿನ ಪ್ರಶ್ನೆ. ಬಾಯಿ ತೆರೆಸಿ ತೆಗೆದ ಚಿತ್ರದಲ್ಲಿ ಎರಡು ಬದಿಯ ಸರಿತವನ್ನು ಕೂಡಿದಾಗ 6.9 ಮಿಲಿಮೀಟರ್ ಮೀರಿದರೆ ಲಿಗಮೆಂಟು ಹರಿದಿದೆಯೆಂದು ಊಹಿಸುವ ಹಳೆಯ ಲೆಕ್ಕವೊಂದಿದೆ. ಈಗ ಎಂಆರ್‌ಐ ಅದನ್ನು ನೇರವಾಗಿಯೇ ತೋರಿಸುತ್ತದೆ.

ಮರಳು ಮೆತ್ತಗಿದೆ, ಏನೂ ಆಗದು ಎಂಬ ನಂಬಿಕೆ ಇಲ್ಲಿಗೆ ಬರುವ ಹುಡುಗರಲ್ಲಿ ಬಲವಾಗಿದೆ. ಕತ್ತಿನ ಮಟ್ಟಿಗೆ ಅದು ತಿರುಗುಮುರುಗು. ನುಣುಪಾದ ಗಟ್ಟಿ ನೆಲದಲ್ಲಿ ತಲೆ ಒಂದು ಕಡೆಗೆ ಜಾರಿ ತಪ್ಪಿಸಿಕೊಳ್ಳುವ ಸಾಧ್ಯತೆಯಾದರೂ ಇರುತ್ತದೆ. ಮೆತ್ತನೆಯ ನೆಲ ತಲೆಯನ್ನು ಕಚ್ಚಿ ಹಿಡಿಯುತ್ತದೆ, ಹಿಂದಿನಿಂದ ಬರುವ ಮುಂಡದ ಭಾರವೆಲ್ಲ ಕತ್ತಿನ ಮೇಲೆ ಬೀಳುತ್ತದೆ. ಧುಮುಕುವವರು ಗದ್ದವನ್ನು ತುಸು ಒಳಕ್ಕೆ ಎಳೆದುಕೊಂಡಿರುತ್ತಾರೆ. ಆಗ ಕತ್ತಿನ ಸಹಜವಾದ ಬಾಗು ಹೋಗಿ ಅದು ನೆಟ್ಟನೆಯ ಕಂಬವಾಗುತ್ತದೆ, ಕಂಬಕ್ಕೆ ಬಾಗಿ ಬಲವನ್ನು ನುಂಗುವ ಗುಣವಿಲ್ಲ.

ಇಂತಹವರನ್ನು ದಡದಲ್ಲಿ ನಾಲ್ಕು ಜನ ಕೈಕಾಲು ಹಿಡಿದು ಎತ್ತಿಕೊಂಡು ಹೋಗುವುದನ್ನು ದಯವಿಟ್ಟು ನಿಲ್ಲಿಸಬೇಕು. ಪ್ರಜ್ಞೆಯಿದ್ದು ಉಸಿರಾಡುತ್ತಿದ್ದರೆ, ಒಬ್ಬರು ತಲೆಯನ್ನು ಎರಡೂ ಬದಿಯಿಂದ ಅಲುಗದಂತೆ ಹಿಡಿದುಕೊಂಡು, 108ಕ್ಕೆ ಕರೆ ಮಾಡಿ, ಬರುವವರೆಗೆ ಹಾಗೆಯೇ ಇರಬೇಕು. ಹೊರಳಿಸಲೇಬೇಕಾದರೆ ತಲೆ, ಭುಜ, ಸೊಂಟ ಒಂದೇ ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಬೇಕು. ಉಳುಕು ತೆಗೆಸುವ ಬಗ್ಗೆಯೂ ಹೇಳಿಬಿಡುತ್ತೇನೆ: ಎಣ್ಣೆ ಸವರಿದ್ದರಿಂದ ಹಾನಿಯಾಗುವುದು ಕಡಿಮೆ, ಬಿದ್ದ ಕತ್ತನ್ನು ಹಿಡಿದು ಒಮ್ಮೆಲೇ ತಿರುವಿ ನೆಟಿಗೆ ತೆಗೆಯುವುದು ಪ್ರಾಣಕ್ಕೇ ಅಪಾಯ. ಮಿದುಳಿಗೆ ರಕ್ತ ಒಯ್ಯುವ ಎರಡು ಧಮನಿಗಳು ಈ ಕಶೇರುಕಗಳ ಬದಿಯ ರಂಧ್ರಗಳಲ್ಲಿಯೇ ಏರಿ, ಅಟ್ಲಾಸಿನ ಹಿಂಭಾಗದ ಕಮಾನಿನ ಮೇಲೆ ಬಳಸಿಕೊಂಡು ಹೋಗುತ್ತವೆ.


ಮರುಪ್ರಶ್ನೆ: ಚಿಂಚವಡದ ಎಂಜಿನಿಯರ್, ಪುಣೆ

ಇಬ್ಬರಿಗೂ ನಾನು ಋಣಿ. ಬುಡದಲ್ಲಿ ಬಿಗಿದ ಗೂಟ ಎಂದ ಕೂಡಲೇ ಕಾಗದದ ಮೇಲೆ ಚಿತ್ರ ಬರೆದು ನೋಡಿದೆ, ಎಲ್ಲವೂ ತಾನಾಗಿ ಹೊಂದಿಕೊಂಡಿತು. ತಂದೆಯವರಿಗೂ ತೋರಿಸಿದೆ.

ಇನ್ನೊಂದು ವಿಷಯ ಹೊಳೆಯಿತು. ಮೂರು ವರ್ಷಗಳ ಹಿಂದೆ ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರು ಡಿಕ್ಕಿಯಾಗಿ ನಮ್ಮ ಕಾರ್ಖಾನೆಯ ಸಹೋದ್ಯೋಗಿಯೊಬ್ಬರ ಕತ್ತಿನ ಇದೇ ಎರಡನೆಯ ಮೂಳೆ ಮುರಿದಿತ್ತು. ಅವರು ಬೆಲ್ಟ್ ಕಟ್ಟಿರಲಿಲ್ಲ, ಹಣೆ ಮುಂದಿನ ಗಾಜಿಗೆ ಬಡಿದಿತ್ತು. ಆದರೆ ಮುರಿದದ್ದು ಗೂಟವಲ್ಲ, ಮೂಳೆಯ ಹಿಂಭಾಗದ ಎರಡು ಬದಿಗಳು. ಪೆಟ್ಟು ಬಿದ್ದದ್ದು ಇಬ್ಬರಿಗೂ ಹಣೆಗೇ, ಮೂಳೆಯೂ ಒಂದೇ. ಮುರಿದ ಜಾಗ ಮಾತ್ರ ಏಕೆ ಬೇರೆ? ಜೊತೆಗೆ, ಅವರು ಕಾಲರಿನಲ್ಲಿಯೇ ಗುಣವಾದರು. ನನ್ನ ತಂದೆಯವರ ಮುರಿತ ಕೂಡದೆ ಹೋಗಬಹುದೆಂದು, ಆಗ ತಿರುಪು ಹಾಕಬೇಕಾದೀತೆಂದು ವೈದ್ಯರು ಸೂಚಿಸಿದ್ದಾರೆ. ಈ ವ್ಯತ್ಯಾಸದ ಕಾರಣವನ್ನೂ ತಿಳಿಯಬಯಸುತ್ತೇನೆ.


ಉತ್ತರ: ಮಾಟುಂಗಾದ ಹಿರಿಯರು, ಮುಂಬಯಿ

ನಾನು ವೈದ್ಯನಲ್ಲ. ಉಡುಪಿಯ ಕಡೆಯವನು, 68 ವರ್ಷ, ಹೋಟೆಲಿನ ಲೆಕ್ಕಪತ್ರ ನೋಡಿಕೊಂಡಿದ್ದವನು. ಎಂಟು ವರ್ಷಗಳ ಹಿಂದೆ ನನಗೂ ಇದೇ ಗೂಟ ಮುರಿದು, ಮೂರು ತಿಂಗಳು ಕಾಲರಿನಲ್ಲಿದ್ದರೂ ಕೂಡದೆ, ಕೊನೆಗೆ ಮೊದಲ ಎರಡು ಮೂಳೆಗಳನ್ನು ತಿರುಪು ಮತ್ತು ಸರಳುಗಳಿಂದ ಬೆಸೆದಿದ್ದಾರೆ. ಆದ್ದರಿಂದ ತಮ್ಮ ತಂದೆಯವರಿಗೆ ಉಪಯೋಗವಾಗುವ ಒಂದೆರಡು ಮಾತು.

ಕಾಲರ್ ಹಾಕಿದಾಗ ಕಾಲ ಬುಡದ ನೆಲ ಕಾಣುವುದಿಲ್ಲ. ಊಟದ ತಟ್ಟೆಯೂ ಕಾಣುವುದಿಲ್ಲ. ನನ್ನ ಮಗಳು ಮೇಜಿನ ಮೇಲೆ ಒಂದು ಮಣೆ ಇಟ್ಟು ಅದರ ಮೇಲೆ ತಟ್ಟೆ ಇಡುತ್ತಿದ್ದಳು. ಮೆಟ್ಟಿಲು ಇಳಿಯುವಾಗ ಯಾರಾದರೂ ಒಂದು ಮೆಟ್ಟಿಲು ಮುಂದೆ ಇರಲೇಬೇಕು. ನುಂಗುವುದು ಕಷ್ಟ, ಅದರಲ್ಲಿಯೂ ಮಾತ್ರೆಗಳು. ಮೊದಲ ವಾರ ಗಂಜಿ, ಚೆನ್ನಾಗಿ ಕಿವುಚಿದ ಅನ್ನ ಇಂಥವೇ ಲೇಸು, ನೆಟ್ಟಗೆ ಕುಳಿತೇ ಉಣ್ಣಬೇಕು. ಮುಂಬಯಿಯ ಅಕ್ಟೋಬರ್ ಸೆಕೆಯಲ್ಲಿ ಗದ್ದದ ಕೆಳಗೆ, ತಲೆಯ ಹಿಂಭಾಗದಲ್ಲಿ ಚರ್ಮ ಕೆಂಪಾಗಿ ಹುಣ್ಣಾಗುವುದನ್ನು ದಿನವೂ ನೋಡಬೇಕು. ಒಳಗಿನ ಸ್ಪಂಜು ಬದಲಿಸುವಾಗ ಮಲಗಿಸಿ, ಒಬ್ಬರು ತಲೆ ಹಿಡಿದು, ಇನ್ನೊಬ್ಬರು ಬದಲಿಸಬೇಕೆಂದು ನನಗೆ ಕಲಿಸಿದ್ದರು. ಕೂರಿಸಿಕೊಂಡು ಒಬ್ಬರೇ ಮಾಡಕೂಡದು.

ಬೆಸೆದ ಮೇಲೆ ತಲೆ ತಿರುಗುವುದು ಅರ್ಧಕ್ಕೆ ಇಳಿಯಿತು. ಯಾರಾದರೂ ಹಿಂದಿನಿಂದ ಕರೆದರೆ ಇಡೀ ಮೈ ತಿರುಗಿಸಬೇಕು. ರಸ್ತೆ ದಾಟುವಾಗ ಎರಡು ಬಾರಿ ನಿಂತು ನೋಡುತ್ತೇನೆ. ಕಾರು ಓಡಿಸುವುದನ್ನು ಬಿಟ್ಟಿದ್ದೇನೆ. ಆದರೆ ನೋವಿಲ್ಲ. ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಲೋಕಲ್ ರೈಲಿನಲ್ಲಿ, ಜನಸಂದಣಿ ಇಲ್ಲದ ಹೊತ್ತು ನೋಡಿ, ಒಬ್ಬನೇ ಹೋಗಿ ಬರುತ್ತೇನೆ. ತಂದೆಯವರಿಗೆ ಧೈರ್ಯ ಹೇಳಿ.


ಉತ್ತರ: ಮುಲುಂಡದ ಬೆನ್ನೆಲುಬು ಶಸ್ತ್ರಚಿಕಿತ್ಸಕ, ಮುಂಬಯಿ

ಹಿರಿಯರು ಬರೆದದ್ದನ್ನು ನನ್ನ ರೋಗಿಗಳಿಗೆ ಓದಿ ಹೇಳಬೇಕೆನ್ನಿಸುತ್ತದೆ. ಮಣೆಯ ಉಪಾಯ ನನಗೂ ಹೊಸದು.

ಸಹೋದ್ಯೋಗಿಯವರ ಮುರಿತಕ್ಕೆ ಹ್ಯಾಂಗ್‌ಮ್ಯಾನ್ ಮುರಿತವೆಂಬ ಹೆಸರು 1965ರಲ್ಲಿ ಬಂತು. ಗಲ್ಲಿಗೇರಿಸಿದಾಗ ಆಗುವ ಗಾಯವನ್ನು ಹೋಲುತ್ತದೆ ಎಂಬುದರಿಂದ ಆ ಹೆಸರು. ಬಲದ ಲೆಕ್ಕದಲ್ಲಿ ಎರಡೂ ಒಂದಲ್ಲ. ಅಲ್ಲಿ ತಲೆ ಹಿಂದಕ್ಕೆ ಬಾಗುತ್ತ ಕತ್ತು ಹಿಗ್ಗುತ್ತದೆ, ಕಾರಿನಲ್ಲಿ ತಲೆ ಹಿಂದಕ್ಕೆ ಬಾಗುತ್ತ ಕತ್ತು ಅದುಮಲ್ಪಡುತ್ತದೆ. ಹಿಗ್ಗಿದಾಗ ಬೆನ್ನುಹುರಿ ಹರಿಯುತ್ತದೆ. ಅದುಮಿದಾಗ ಹೆಚ್ಚಿನವರಲ್ಲಿ ಉಳಿಯುತ್ತದೆ, ಏಕೆಂದರೆ ಮೂಳೆಯ ಒಡಲು ಮುಂದಕ್ಕೂ ಹಿಂಭಾಗದ ಕಮಾನು ಹಿಂದಕ್ಕೂ ಬೇರ್ಪಟ್ಟು ನಡುವಿನ ನಾಳ ಅಗಲವಾಗುತ್ತದೆ.

ಜಾಗ ಬೇರೆಯಾದದ್ದಕ್ಕೆ ಕಾರಣ ಆಕ್ಸಿಸಿನ ವಿಚಿತ್ರ ರಚನೆ. ಉಳಿದ ಕಶೇರುಕಗಳಲ್ಲಿ ಮೇಲಿನ ಮತ್ತು ಕೆಳಗಿನ ಕೀಲುಮುಖಗಳು ಒಂದರ ಕೆಳಗೊಂದು ಕಂಬದಂತೆ ಸಾಲಾಗಿವೆ. ಆಕ್ಸಿಸಿನಲ್ಲಿ ಮೇಲಿನ ಕೀಲುಮುಖಗಳು ಮುಂದೆ, ಕೆಳಗಿನವು ಹಿಂದೆ. ಮುಂದೆ ಇಳಿದ ಭಾರ ಹಿಂದಕ್ಕೆ ದಾಟಲು ಎರಡು ಬದಿಯಲ್ಲಿ ಎರಡು ತೆಳು ಮೂಳೆಯ ಸೇತುವೆಗಳಿವೆ. ತಲೆ ಹಿಂದಕ್ಕೆ ಬಾಗಿ ಮೇಲಿನಿಂದ ಭಾರವೂ ಬಿದ್ದಾಗ ಸೋಲುವುದು ಆ ಸೇತುವೆಗಳು. ಅಡ್ಡಲಾಗಿ ತಳ್ಳುವ ಬಲ ಹೆಚ್ಚಾಗಿದ್ದರೆ ಗೂಟ ಹೋಗುತ್ತದೆ, ಮೇಲಿನಿಂದ ಅದುಮುತ್ತ ಬಾಗಿಸುವ ಬಲ ಹೆಚ್ಚಾಗಿದ್ದರೆ ಸೇತುವೆ ಹೋಗುತ್ತದೆ. ಮೂಳೆಯ ವಯಸ್ಸೂ ಇದರಲ್ಲಿ ಸೇರಿದೆ.

ಕೂಡುವ ಪ್ರಶ್ನೆ ಇದಕ್ಕೆ ಹೊಂದಿಕೊಂಡೇ ಇದೆ. ಓಡಾಂಟಾಯ್ಡ್ ಮುರಿತಗಳನ್ನು ಆಂಡರ್ಸನ್ ಮತ್ತು ಡಿ'ಅಲೊಂಜೊ 1974ರಲ್ಲಿ ಮೂರು ಬಗೆಯಾಗಿ ವಿಂಗಡಿಸಿದರು. ತುದಿಯದು ಮೊದಲನೆಯದು, ಅಪರೂಪದ್ದು. ಬುಡದ್ದು ಎರಡನೆಯದು. ಆಕ್ಸಿಸಿನ ಒಡಲಿನೊಳಕ್ಕೆ ಇಳಿದದ್ದು ಮೂರನೆಯದು. ಅಲ್ಲಿ ಮುರಿದ ಮೇಲ್ಮೈ ಅಗಲ, ಒಳಗಿನ ಮೂಳೆ ರಕ್ತಭರಿತ, ಕಾಲರಿನಲ್ಲಿಯೇ ಚೆನ್ನಾಗಿ ಕೂಡುತ್ತದೆ. ಎರಡನೆಯ ಬಗೆಯಲ್ಲಿ ಮುಖಕ್ಕೆ ಮುಖ ತಾಗುವ ಜಾಗ ಚಿಕ್ಕದು. ಸುತ್ತಲೂ ಕೀಲಿನ ದ್ರವವಿದೆ. ತುದಿಗೆ ಕಟ್ಟಿದ ಲಿಗಮೆಂಟುಗಳು ತುಂಡನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತವೆ. ತಲೆ ತುಸು ಅಲುಗಿದರೂ ಆ ತುಂಡು ಅಲುಗುತ್ತದೆ. ವಯಸ್ಸು ಹೆಚ್ಚಾಗಿರುವುದು, ತುಂಡು 5 ಮಿಲಿಮೀಟರಿಗಿಂತ ಹೆಚ್ಚು ಸರಿದಿರುವುದು, ಈ ಎರಡೂ ಕೂಡದಿರುವ ಸಂಭವವನ್ನು ಹೆಚ್ಚಿಸುತ್ತವೆ. ತಮ್ಮ ತಂದೆಯವರಿಗೆ ವಯಸ್ಸು ಪ್ರತಿಕೂಲ, 2 ಮಿಲಿಮೀಟರ್ ಅನುಕೂಲ.

ತಲೆಬುರುಡೆಗೆ ತಿರುಪುಗಳಿಂದ ಬಳೆ ಬಿಗಿದು ಅದನ್ನು ಎದೆಯ ಕವಚಕ್ಕೆ ಸರಳುಗಳಿಂದ ಜೋಡಿಸುವ ಹೇಲೋ ಎಂಬ ಸಾಧನ 1959ರಿಂದ ಇದೆ. ಕಾಲರಿಗಿಂತ ಅದು ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ವೃದ್ಧರಲ್ಲಿ ನುಂಗುವ ತೊಂದರೆ, ಶ್ವಾಸಕೋಶದ ಸೋಂಕು, ಮತ್ತೆ ಬೀಳುವುದು ಹೆಚ್ಚಾದ್ದರಿಂದ ನಾನು ಅವರಿಗೆ ಅದನ್ನು ತೊಡಿಸುವುದಿಲ್ಲ. ಉಳಿದ ದಾರಿ ಶಸ್ತ್ರಚಿಕಿತ್ಸೆ. ಮುಂದಿನಿಂದ ಗೂಟದೊಳಕ್ಕೆ ಒಂದೇ ತಿರುಪು ಹಾಕಿದರೆ ತಿರುಗುವ ಶಕ್ತಿ ಉಳಿಯುತ್ತದೆ, ಆದರೆ ಟೊಳ್ಳು ಮೂಳೆಯಲ್ಲಿ ಆ ತಿರುಪು ಕಚ್ಚಿ ನಿಲ್ಲುವುದಿಲ್ಲ. ಹಿಂದಿನಿಂದ ಅಟ್ಲಾಸಿಗೂ ಆಕ್ಸಿಸಿಗೂ ಬೇರೆ ಬೇರೆ ತಿರುಪು ಹಾಕಿ ಜೋಡಿಸುವ ವಿಧಾನ ಹೆಚ್ಚು ಭದ್ರ. ಈ ವಿಧಾನವನ್ನು ಪರೇಲಿನ ಕೆಇಎಂ ಆಸ್ಪತ್ರೆಯ ಡಾ. ಅತುಲ್ ಗೋಯಲ್ ಅವರು ಸಹೋದ್ಯೋಗಿಯೊಂದಿಗೆ 1994ರಲ್ಲಿ ಪ್ರಕಟಿಸಿದರು. 2001ರಲ್ಲಿ ಜರ್ಮನಿಯ ಹಾರ್ಮ್ಸ್ ಅವರು ಪಟ್ಟಿಯ ಬದಲು ಸರಳು ಬಳಸಿ ಅದನ್ನು ಮಾರ್ಪಡಿಸಿದರು. ಇಂದು ಜಗತ್ತಿನ ಬೆನ್ನೆಲುಬು ಶಸ್ತ್ರಚಿಕಿತ್ಸಕರು ಗೋಯಲ್-ಹಾರ್ಮ್ಸ್ ಎಂದು ಕರೆಯುವ ಕ್ರಮ ಹುಟ್ಟಿದ್ದು ನಮ್ಮ ಮುಂಬಯಿಯ ಒಂದು ನಗರಪಾಲಿಕೆ ಆಸ್ಪತ್ರೆಯಲ್ಲಿ ಎಂಬುದನ್ನು ಹೇಳುವಾಗ ನನಗೆ ಹೆಮ್ಮೆಯೆನಿಸುತ್ತದೆ.

ಇನ್ನೊಂದು ಮಾತು ತಮ್ಮ ಕಿವಿಯಲ್ಲಿರಲಿ. ಸ್ಕ್ಯಾನಿನಲ್ಲಿ ಮೂಳೆ ಪೂರ್ತಿ ಕೂಡದಿದ್ದ ಮಾತ್ರಕ್ಕೆ ಸೋಲಲ್ಲ. ಬಿರುಕಿನ ನಡುವೆ ಗಟ್ಟಿಯಾದ ನಾರು ಬೆಳೆದು, ಕತ್ತು ಬಾಗಿಸಿದಾಗಲೂ ತುಂಡು ಅಲುಗದಿದ್ದರೆ, ಹಲವು ವೃದ್ಧರನ್ನು ನಾವು ಹಾಗೆಯೇ ಬಿಡುತ್ತೇವೆ. ಬಾಗಿಸಿ ನೋಡುವ ಆ ಪರೀಕ್ಷೆಯನ್ನು ವೈದ್ಯರ ಎದುರಿನಲ್ಲಿ ಮಾತ್ರ ಮಾಡಬೇಕು.


ಮರುಪ್ರಶ್ನೆ: ಚಿಂಚವಡದ ಎಂಜಿನಿಯರ್, ಪುಣೆ

ಎಲ್ಲರಿಗೂ ಕೃತಜ್ಞತೆಗಳು. ಬಚ್ಚಲಮನೆಯ ಹೊಸ್ತಿಲನ್ನು ನಿನ್ನೆ ಒಡೆಸಿ ನೆಲವನ್ನು ಸಮ ಮಾಡಿಸಿದೆ, ಗೋಡೆಗೆ ಹಿಡಿಕೆ ಹಾಕಿಸಿದೆ. ಆರನೆಯ ವಾರದ ಸ್ಕ್ಯಾನ್ ಬರುವ ಬುಧವಾರ ಇದೆ. ಒಂದೇ ಒಂದು ಮಾತು ಉಳಿದಿದೆ: ಸೆಕೆ ತಾಳಲಾರದೆ ತಂದೆಯವರು ರಾತ್ರಿ ಮಲಗುವಾಗ ಕಾಲರ್ ತೆಗೆಯಲು ಕೇಳುತ್ತಿದ್ದಾರೆ. ಮಲಗಿದಾಗ ತಲೆಯ ಭಾರ ಕತ್ತಿನ ಮೇಲೆ ಇರುವುದಿಲ್ಲವಾದ್ದರಿಂದ ತೆಗೆಯಬಹುದೇ?


ಉತ್ತರ: ಮುಲುಂಡದ ಬೆನ್ನೆಲುಬು ಶಸ್ತ್ರಚಿಕಿತ್ಸಕ, ಮುಂಬಯಿ

ತೆಗೆಯಬೇಡಿ. ಮಲಗಿದಾಗ ಭಾರ ಇಳಿಯುವುದು ನಿಜ, ಆದರೆ ಈ ಗೂಟವನ್ನು ಮುರಿದದ್ದು ಭಾರವಲ್ಲ, ಅಡ್ಡಬಲ. ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ಕತ್ತಿನ ಸ್ನಾಯುಗಳು ಸಡಿಲವಾಗಿರುತ್ತವೆ, ತಲೆ ತಿರುಗುವುದು ತಿಳಿಯುವುದೂ ಇಲ್ಲ. ತೆಳ್ಳನೆಯ ಒಂದೇ ದಿಂಬು ಇಡಿ, ಫ್ಯಾನನ್ನು ಕಾಲ ಕಡೆಯಿಂದ ಬೀಸುವಂತೆ ಮಾಡಿ, ಒಳಗಿನ ಸ್ಪಂಜಿನ ಎರಡನೆಯ ಜೊತೆಯೊಂದನ್ನು ತರಿಸಿಟ್ಟುಕೊಂಡು, ಹಿರಿಯರು ಹೇಳಿದಂತೆ ಇಬ್ಬರು ಸೇರಿ ಮಲಗುವ ಮುನ್ನ ಒಣಗಿದ್ದನ್ನು ಹಾಕಿ. ಬುಧವಾರದ ಸ್ಕ್ಯಾನಿನ ಬಳಿಕ ತಮ್ಮ ವೈದ್ಯರೇ ಸಡಿಲಿಸಲು ಹೇಳಿದರೆ ಆಗ ಸಡಿಲಿಸಿ.